ನಾಲ್ಕನೆಯ ಪುಟ

ಎನ್ಕಾರ್ನಾಸಿಯೋನ್
ಆಗಸ್ಟ್ 9, ಭಾನುವಾರ

ಪ್ರೀತಿಯ ಸೆಲ್ಸಾ ಅಕ್ಕನಿಗೆ,

ನಿಮಗೆ ಅರವತ್ತೆಂಟು ತುಂಬಿ ಎಂಟು ದಿನವಾದ ಮೇಲೆ ಶುಭಾಶಯ ಹೇಳುತ್ತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಈ ಕಾಗದವನ್ನು ಐದು ಸಲ ಶುರುಮಾಡಿ ಹರಿದು ಹಾಕಿದೆ. ಬರೆಯಲು ಕೂತರೆ ಯೆರ್ಬಾ ಚಹಾಕ್ಕೆ ನೀರಿಡೋಣ ಅನ್ನಿಸುತ್ತದೆ. ನೀರಿಟ್ಟು ಬಂದು ಕೂತರೆ ಅದು ಕುದ್ದು ಹಾಳಾಗುತ್ತದೆ, ಮತ್ತೆ ಏಳುತ್ತೇನೆ. ಬೆಳಗಿನಿಂದ ಇದೇ ಆಗಿದೆ.

ನಿಮ್ಮ 'ಖಾಲಿ ಪುಟ' ಸೈಟಿನಲ್ಲಿ ಬರೆದರೆ ನಮ್ಮ ಬರೆಯುವವರ ಗುಂಪಿನ ಮುನ್ನೂರು ಜನ ಓದುತ್ತಾರೆ. ಅದಕ್ಕೇ ನಮ್ಮ ಪಾರ್ಸೆಲ್ ಕೌಂಟರಿನಿಂದ ಅಸುನ್ಸಿಯೋನ್ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗಿರುವ ಚಿಪಾ ಬ್ರೆಡ್ಡು ನಾನೇ ಸುಟ್ಟಿದ್ದು. ಚೀಸ್ ಸ್ವಲ್ಪ ಜಾಸ್ತಿಯಾಗಿದೆ, ಬಿಸಿ ಮಾಡಿ ತಿನ್ನಿ.

ಒಂದನೇ ತಾರೀಖು ಬೆಳಿಗ್ಗೆ ನಾವೆಲ್ಲ ಪರದೆಯ ಮೇಲೆ ಸೇರಿದ್ದೆವಲ್ಲ. ಆಗಸ್ಟಿನ ಪೀಡೆ ತೊಲಗಲಿ ಎಂದು ಕಬ್ಬಿನ ಸಾರಾಯಿಗೆ ಸದಾಪು ಸೊಪ್ಪು, ನಿಂಬೆ ಹಾಕಿ ಖಾಲಿ ಹೊಟ್ಟೆಯಲ್ಲಿ ಏಳು ಗುಟುಕು ಕುಡಿಯುವ ದಿನವೇ ನೀವು ಹುಟ್ಟಿದ್ದು. ಬೊಲಿವಿಯಾದ ವಾಲ್ದೊ ಗ್ಲಾಸು ಎತ್ತಿ, "ನಮ್ಮೂರಲ್ಲಿ ಆಗಸ್ಟು ಯಾರನ್ನೂ ಕೊಲ್ಲಲ್ಲ ಅಕ್ಕ, ಆದ್ರೂ ನಿಮ್ಮ ನೆಪದಲ್ಲಿ ಕುಡೀತೀನಿ" ಎಂದ. ನೀವು ನಕ್ಕಿರಿ. ಏಳನೆಯ ಗುಟುಕು ಮುಗಿಸಿ ಬಾಯಿ ಒರೆಸಿಕೊಂಡು, ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿಬಿಟ್ಟಿರಿ:

"ಮೇ ತಿಂಗಳಲ್ಲಿ ಬಂದ ಆ ದೋಣಿ ಚಿತ್ರಕಥೆ ನಂದೇ ಕಣ್ರೋ. ಹನ್ನೆರಡು ವರ್ಷದಲ್ಲಿ ಮೊದಲ್ನೇ ಸಲ ನನ್ನದೊಂದು ಹಾಕ್ದೆ. ಓದಿದೋರು ನಾಲ್ಕನೇ ಪುಟಕ್ಕೇ ಕೆಳಗಿಟ್ರು. ಊರಿಗೆಲ್ಲ ಪಾಠ ಹೇಳ್ದೋಳಿಗೆ ನಾಲ್ಕು ಪುಟ ಹಿಡಿದಿಡೋಕಾಗ್ಲಿಲ್ಲ. ಈ ತಿಂಗಳ ಕೊನೇಗೆ 'ಖಾಲಿ ಪುಟ' ಮುಚ್ತೀನಿ. ಆ ಕಥೇನೂ ಒಲೇಗೆ ಹಾಕ್ತೀನಿ."

"ಯಾವ ಕತ್ತೆ ಅದು?" ಎಂದು ವಾಲ್ದೊ ಎಗರಾಡಿದ. "ಕಣ್ಣಲ್ಲಿ ಏನು ಹಾಕ್ಕೊಂಡು ಓದ್ತಂತೆ? ನನ್ ಕೈಗೆ ಸಿಗಲಿ!"

"ಸುಮ್ನಿರೋ. ನಿಯಮ ನಂದೇ. ನಂಗೊಂದು, ನಿಮಗೊಂದು ಅಂತ ಇರಲ್ಲ" ಎಂದಿರಿ ನೀವು.

ಅಷ್ಟರಲ್ಲಿ ನನ್ನ ಪರದೆ ಕಪ್ಪಾಯಿತಲ್ಲ, ನೆಟ್ ಹೋಗಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ.

ಅಕ್ಕ, ಮುಚ್ಚಬೇಡಿ. ರೇಡಿಯೋ ನಾಟಕಗಳನ್ನು ಟೈಪು ಮಾಡಿ ಮಾಡಿ ಬೆರಳು ಸವೆಸಿದ ನೀವು, ಸರಕಿನ ರಸೀದಿ ಬೆನ್ನಿಗೆ ಸಂಭಾಷಣೆ ಗೀಚುತ್ತಿದ್ದ ನನ್ನಂಥವಳನ್ನೂ ಸೇರಿಸಿಕೊಂಡಿರಿ. ನಿಮ್ಮ ನಿಯಮ ನನಗೆ ಮೊದಲ ದಿನದಿಂದಲೂ ಇಷ್ಟ. ಬರೆದವರ ಹೆಸರು ಓದುವವರಿಗೆ ಗೊತ್ತಿಲ್ಲ, ಓದಿದವರ ಹೆಸರು ಬರೆದವರಿಗೆ ಗೊತ್ತಿಲ್ಲ. ಚೀಟಿ ಎತ್ತಿದಂತೆ ಒಂದು ಕಥೆಗೆ ಒಬ್ಬರೇ ಓದುಗರು. ಯಾವ ಪುಟಕ್ಕೆ ಬೇಸರವಾಗಿ ಕೆಳಗಿಟ್ಟರೋ ಆ ಸಂಖ್ಯೆಯೊಂದನ್ನು ಬರೆದರೆ ಸಾಕು. "ಹೊಗಳೋಕೆ ನಿಮ್ಮಮ್ಮ ಇದಾಳೆ, ಇಲ್ಲಿ ನಿಜ ಹೇಳಿ" ಅನ್ನುತ್ತಿದ್ದಿರಿ.

ಆದರೆ ಒಬ್ಬರು ಬರೆದ ಒಂದು ಅಂಕಿಗೆ ಇಷ್ಟು ಬೆಲೆ ಯಾಕೆ? ಅವರಿಗೆ ಅವತ್ತು ತಲೆನೋವಿತ್ತೇನೋ. ಮನೆಯಲ್ಲಿ ಜಗಳವಾಗಿತ್ತೇನೋ. ನೋಡಿ, ಇಲ್ಲಿಗೆ ಬಂದರೆ ಪೆನ್ನು ನಿಂತುಬಿಡುತ್ತದೆ. ಎದ್ದು ಕಿಟಕಿ ತನಕ ಹೋಗಿ ಬಂದೆ. ನದಿಯ ಆಚೆ ದಡ ಕಾಣುತ್ತಿದೆ, ಗಾಳಿ ಜೋರಾಗಿದೆ. ಈ ಸಲವೂ ಹರಿದರೆ ಇನ್ನು ಬರೆಯಲಾರೆ. ಐದೂವರೆಯ ಬಸ್ಸಿಗೆ ಮುಂಚೆ ಲಕೋಟೆ ಅಂಟಿಸಬೇಕು.

ಕಾಆಕುಪೆಯ ಮೇರಿ ಮಾತೆ ನಿಮ್ಮನ್ನು ಕಾಯಲಿ. ಮಂಡಿನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡಿ. ನೂರು ವರ್ಷ ಬಾಳಿ, ನಮ್ಮನ್ನು ಬೈಯುತ್ತಲೇ ಇರಿ.

ನಿಮ್ಮ
ನೀದಿಯಾ

ಮರೆತ ಮಾತು: ಮರೆತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವತ್ತು ಕ್ಯಾಮೆರಾ ಆರಿಸಿದವಳು ನಾನು. ನೆಟ್ ಸರಿಯಾಗಿಯೇ ಇತ್ತು. ವಾಲ್ದೊ ಹುಡುಕುತ್ತಿರುವ ಕತ್ತೆ ನಾನೇ.

ಅದು ನಿಮ್ಮದೆಂದು ಗೊತ್ತಿರಲಿಲ್ಲ. ಯಾರೋ ಹೊಸಬರು ಅಂದುಕೊಂಡೆ. ನಾಲ್ಕು ವರ್ಷ ತಿದ್ದಿದ ನನ್ನ ಕಥೆಗೆ ಆ ವಾರವೇ 'ಒಂಬತ್ತು' ಎಂದು ಬಂದಿತ್ತು. ನಿಮ್ಮ ಅರವತ್ತಮೂರನೆಯ ಪುಟದಲ್ಲಿ, ದೋಣಿ ಹತ್ತಲಿರುವ ಮಗಳ ಕಾಲನ್ನು ಹೊಸ ಚಪ್ಪಲಿ ಕಚ್ಚಬಾರದೆಂದು ತಾಯಿ ಮೂರು ದಿನ ಅದನ್ನು ತಾನೇ ಮೆಟ್ಟಿಕೊಂಡು ಮನೆಯೊಳಗೆ ಓಡಾಡುತ್ತಾಳೆ. ಅಲ್ಲಿ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಕೊನೆಯವರೆಗೂ ಓದಿದೆ. ಆಮೇಲೆ, ಇಂಥದ್ದು ನನ್ನ ಕೈಯಲ್ಲಿ ಯಾಕೆ ಬರಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಒಂದು ಅಂಕಿ ಬರೆದೆ.

ನನ್ನನ್ನು ತೆಗೆದುಹಾಕಿ. ಬಾಗಿಲು ಮಾತ್ರ ಮುಚ್ಚಬೇಡಿ, ಒಲೆ ಹಚ್ಚಬೇಡಿ. ನಿಮ್ಮ ನಿಯಮದ ಪ್ರಕಾರ ಮೇ ತಿಂಗಳ ಉತ್ತರವನ್ನು ಈಗ ಸರಿಯಾಗಿ ಬರೆಯುತ್ತಿದ್ದೇನೆ.

ಚಿತ್ರಕಥೆ: ದೋಣಿ. ಒಟ್ಟು ಪುಟ: ತೊಂಬತ್ತೊಂದು. ಕೆಳಗಿಟ್ಟ ಪುಟ: ಇಡಲಿಲ್ಲ.
ಓದಿದವರ ಹೆಸರು: ನೀದಿಯಾ.