ಹತ್ತರವರೆಗೆ ಎಣಿಸಿದವನು

ನವೆಂಬರ್ ೧೭, ಭಾನುವಾರ

ಇವಳೇ,

ನಾಲ್ಕು ವರ್ಷದ ಮೇಲೆ ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ. ಬೇರೆ ಏನು ಬರೆದರೂ ಪೆನ್ನು ಮುಂದೆ ಓಡಲಿಲ್ಲ.

ನಿನ್ನ ಕಾಗದ ತಲುಪಿತು. ನನ್ನ ಎರಡನೇ ಪೇಟೆಂಟಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆಯಂತೆ. ನಿನ್ನ ತಮ್ಮ ಬದುಕಿದ್ದರೆ ಊರಿಗೆಲ್ಲ ಡಂಗುರ ಸಾರುತ್ತಿದ್ದ ಎಂದಿದ್ದೀಯ. ಅತ್ತೆ ಹಾಸಿಗೆ ಹಿಡಿದಿದ್ದಾರೆ, ಆರು ವರ್ಷದ ಮೇಲೂ ಅದೇ ಮಾತು ಕೇಳುತ್ತಾರೆ ಎಂದೂ ಬರೆದಿದ್ದೀಯ: ಎಲ್ಲರೂ ಹಗ್ಗ ಬಿಟ್ಟರಲ್ಲ, ನನ್ನ ಮಗ ಯಾಕೆ ಬಿಡಲಿಲ್ಲ ಅಂತ. ಅದಕ್ಕೆ ಉತ್ತರ ನನಗೆ ಅವತ್ತಿನಿಂದಲೂ ಗೊತ್ತು.

ಮೊದಲ ಪೇಟೆಂಟು ನಿನಗೆ ನೆನಪಿರಬೇಕು. ನಿನ್ನ ಹೊಲಿಗೆಯ ದಾರದುಂಡೆಗಳನ್ನು ಕದ್ದು, ಅಡುಗೆಮನೆಯ ಮೇಜಿನ ಮೇಲೆ ಉರುಳಿಸುತ್ತ ಲೆಕ್ಕ ಹಾಕಿ ನಿನ್ನಿಂದ ಬೈಸಿಕೊಂಡಿದ್ದೆ. ಬಲೂನಿನಂಥ ಆ ವಾಯುನೌಕೆ ಇಳಿಯುವಾಗ ಹಗ್ಗ ಹಿಡಿದು ಎಳೆಯಲು ಇಪ್ಪತ್ತು ಆಳು ಬೇಕಿತ್ತು. ಹಗ್ಗ ಸುತ್ತುವ ನನ್ನ ಯಂತ್ರ ಬಂದ ಮೇಲೆ ನಾಲ್ವರು ಸಾಕಾಯಿತು.

ಹಳಬರಿಗೆ ಇದ್ದದ್ದು ಒಂದೇ ಕಟ್ಟಳೆ: ಕಾಲು ನೆಲ ಬಿಡುವ ಮೊದಲು ಕೈ ಹಗ್ಗ ಬಿಡಬೇಕು. ಆದರೆ ಗಾಳಿ ಬೀಸಿದಾಗಲೆಲ್ಲ ಅವರು ಬಿಟ್ಟುಬಿಟ್ಟರೆ ಹಗ್ಗ ನನ್ನ ಯಂತ್ರದಲ್ಲಿ ಗಂಟು ಬೀಳುತ್ತಿತ್ತು. ಅದಕ್ಕೇ ಹೊಸ ನಿಯಮ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆ: ನೌಕೆ ಎತ್ತಿದರೆ ಹೆದರಬೇಡಿ, ಹತ್ತರವರೆಗೆ ಎಣಿಸಿ, ಅಷ್ಟರಲ್ಲಿ ಯಂತ್ರದ ಬ್ರೇಕು ಹಿಡಿಯುತ್ತದೆ. ಮೂವರು ಹಳಬರು ಓದಿ ಮೂಗು ಮುರಿದರು. ನಾಲ್ಕನೆಯವನು ನಿನ್ನ ತಮ್ಮ. ಅವನ ಎತ್ತರ ನೋಡಿ ಅಲ್ಲಿ ಎಲ್ಲರೂ ಏಣಿ ಎನ್ನುತ್ತಿದ್ದರು. ನಂಗೆ ಏಳರ ಮಗ್ಗೀನೇ ಬರಲ್ಲ, ಹತ್ತರ ತನಕ ಎಣಿಸೋದಾ ಭಾವ ಎಂದು ನಕ್ಕ.

ಅಂದು ಗಾಳಿ ಎದ್ದಿತು, ಬ್ರೇಕು ಹಿಡಿಯಲಿಲ್ಲ. ಹಗ್ಗ ಬಿಡಿ ಎಂದು ಮೇಸ್ತ್ರಿ ಸೀಟಿ ಊದಿದ. ಹಳಬರು ಅಭ್ಯಾಸಬಲದಿಂದ ಕೈಬಿಟ್ಟು ದೊಪ್ಪನೆ ಬಿದ್ದರು. ಏಣಿ ಎಣಿಸುತ್ತಿದ್ದ, ನನಗೆ ಕೇಳಲೆಂದೇ ಗಟ್ಟಿಯಾಗಿ. ಆರು ಎನ್ನುವಾಗ ಅವನ ಬೂಟು ಶೆಡ್ಡಿನ ತಗಡಿಗಿಂತ ಮೇಲಿತ್ತು. ಬಿಡು ಎಂದು ಕೂಗಬೇಕಿತ್ತು, ನಾನು ಬ್ರೇಕಿನ ಹಿಡಿಯನ್ನೇ ಜಗ್ಗುತ್ತಿದ್ದೆ. ಹತ್ತು ಎಂದವನು ಕೆಳಗೆ ನನ್ನನ್ನು ನೋಡಿದ. ಮುಂದಿನದು ನಿನಗೆ ಗೊತ್ತು.

ವಿಚಾರಣೆಯವರು ಬರುವ ಮೊದಲೇ ಆ ಹಾಳೆ ಕಿತ್ತು ಜೇಬಿಗೆ ತುರುಕಿದೆ. ಹಳಬರು ಹೊಟ್ಟೆಪಾಡಿಗೆ ಹೆದರಿ ಬಾಯಿ ಬಿಡಲಿಲ್ಲ. ಸೀಟಿಗೆ ಕಿವಿಗೊಡದ ಅವಿಧೇಯ ಎಂದು ವರದಿಯಾಯಿತು, ನಾನು ಸಹಿ ಹಾಕಿದೆ. ಆಮೇಲೆ ನಿನ್ನ ಎದುರು ಕೂತು ಉಣ್ಣಲಾಗಲಿಲ್ಲ. ನೀನು ಅದನ್ನು ದುಃಖವೆಂದು ತಿಳಿದು ಎರಡು ವರ್ಷ ಸಹಿಸಿದೆ. ಕಲ್ಲಿನ ಜೊತೆ ಎಷ್ಟು ದಿನ ಬಾಳಲಿ ಎಂದು ಹೊರಟುಹೋದೆ. ನನಗಿದ್ದದ್ದು ಭಯ ಕಣೇ, ಬರೀ ಭಯ.

ಬ್ರೇಕಿನ ಎಣ್ಣೆಯಲ್ಲಿ ಲೋಹದ ಪುಡಿ ಸೇರಿತ್ತು. ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅಂಥ ಪುಡಿಯನ್ನು ಬೆಳಕು ಹಾಯಿಸಿ ಪತ್ತೆ ಹಚ್ಚುವ ಪೆಟ್ಟಿಗೆಯೇ ಈ ಎರಡನೇ ಪೇಟೆಂಟು. ಎಲ್ಲರೂ ಹೊಗಳುತ್ತಿದ್ದಾರೆ.

ಆ ಹಾಳೆಯನ್ನು ಸುಡಲು ಕೈ ಬರಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ನಕಲನ್ನು ನಾಳೆ ವಿಚಾರಣೆಯ ಕಚೇರಿಗೆ ಕೊಡುತ್ತೇನೆ. ಕೆಲಸ ಹೋಗುತ್ತದೆ, ಜೈಲಾದರೂ ಆಗಲಿ. ಅತ್ತೆಗೆ ಓದಿ ಹೇಳು. ಅವರ ಮಗ ಮಾತು ಮೀರಿದವನಲ್ಲ, ನಾಲ್ವರಲ್ಲಿ ಹೇಳಿದಂತೆ ನಡೆದವನು ಅವನೊಬ್ಬನೇ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಕೆಳಗೆ ಗೀಚಿರುವುದು ಅದೇ.

ಏಣಿಯ ಭಾವ

ತಾ.ಕ.: ಯಾರ ಕಣ್ಣಿಗೂ ಬೀಳುವಂಥದ್ದಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅವತ್ತು ಬೆಳಿಗ್ಗೆ ಅವನೇ ಗಾಜಿನ ಲೋಟದಲ್ಲಿ ಎಣ್ಣೆ ಹಿಡಿದು ತಂದಿದ್ದ. ಲೋಟದ ಹಿಂದೆ ಟಾರ್ಚ್ ಹಚ್ಚಿ, ನೋಡಿ ಭಾವ, ಒಳಗೇನೋ ಮಿಣಮಿಣ ಅಂತಿದೆ ಎಂದ. ಯಂತ್ರ ನೋಡಲು ದೊಡ್ಡವರು ಬಂದು ಕೂತಿದ್ದರು. ಎಣ್ಣೆ ಚೆನ್ನಾಗಿದೆ, ಹೋಗಿ ಹಗ್ಗ ಹಿಡಿ ಎಂದೆ. ಎರಡನೇ ಪೇಟೆಂಟಿನ ಮೊದಲ ಚಿತ್ರದಲ್ಲಿ ಇರುವುದೂ ಅಷ್ಟೇ: ಒಂದು ದೀಪ, ಒಂದು ಗಾಜು, ಒಂದು ಕಣ್ಣು. ಕಂಡುಹಿಡಿದವರು ಎಂಬಲ್ಲಿ ನನ್ನ ಹೆಸರಿದೆ.