ಚಿಕ್ಕಿಯ ಗಂಟು

ಸೋಮಾ,

ಗಂಜಿ ಒಲೆಯ ಮೇಲಿದೆ, ಒಣಮೀನಿನ ಚಟ್ನಿ ಮುಚ್ಚಿಟ್ಟಿದ್ದೇನೆ. ಮರಳುಗಾಡಿನಲ್ಲಿ ಸಿಕ್ಕಿಬಿದ್ದ ನಿರಾಶ್ರಿತನ ವೇಷ ಹಾಕಿದ ನೀನು ಮೀಯಬಾರದೆಂದು ಆ ಸಿನೆಮಾದವರು ಹೇಳಿದ್ದರೆ ಜಗಲಿಯಲ್ಲೇ ಕೂತು ಉಣ್ಣು, ಒಳಗೆ ಬರಬೇಡ.

ಅಲ್ಲ, ಶೂಟಿಂಗಿಗೆಂದು ತದಡಿ ಕಡಲತೀರದ ಮರಳಿನಲ್ಲಿ ಹೊತ್ತು ತಿರುಗಲು ನಿನಗೆ ನಮ್ಮ ಚಿಕ್ಕಿಯ ಬಟ್ಟೆಗಂಟೇ ಬೇಕಾಯಿತೇನೋ? ಕಡಲು ಮನೆ ನುಂಗಿದ ದಿನ ಅವಳ ಕೈಗೆ ಸಿಕ್ಕಿದ್ದು ಅದೊಂದೇ. ಉಡಲು ಬೇರೆ ಇಲ್ಲದೆ ನನ್ನ ಹಳೆ ಸೀರೆ ಸುತ್ತಿಕೊಂಡು ಕೂತಿದ್ದಾಳೆ. ಕುಮಟೆ ಪೇಟೆಯಲ್ಲಿ ಮೀನು ಮಾರಿ ನಾನು ಬರುವುದರೊಳಗೆ ಗಂಟು ಅವಳ ಕೈ ಸೇರಬೇಕು.

ನಗಿಸುವ ಸಿನೆಮಾ ಎಂದು ಅವಳಿಗೆ ಹೇಳಿದ್ದೂ ನೀನೇ ಅಲ್ಲವೇ? ಈಗ ಕೇಳುತ್ತಿದ್ದಾಳೆ: "ನನ್ನ ಗಂಟು ಕಂಡು ಜನ ನಗ್ತಾರಾ?"

ಅವಳೆದುರು ಕೂತು ನೀನೇ ಹೇಳು.

ಅಕ್ಕ