ರೊಸ್ಲಿ ಬಿಟ್ಟ ಮೀನು

ಕುವಾಲಾ ರೊಂಪಿನ್
ಸೆಪ್ಟೆಂಬರ್ 10, 2014, ಬುಧವಾರ ಸಂಜೆ

ಪ್ರೀತಿಯ ಕಲ್ಸೋಮ್,

ನಿನಗೆ, ಬಾಣಂತಿ ಮಗಳಿಗೆ, ಆ ಪುಟ್ಟ ದೊರೆಗೆ ನನ್ನ ಸಲಾಂ. ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆ ಮೂರನೇ ಮಹಡಿ, ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ ಏನೋ. ಮಗಳು ಸುರ್ಯಾನಿ, ಸೆಖೆ ಎಂದು ಗೊಣಗಿದರೂ ಅವಳ ಹೊಟ್ಟೆಗೆ ಬಿಸಿ ಕಲ್ಲಿನ ಶಾಖ ಕೊಡುವುದನ್ನು ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ. ಅನ್ನ ತಳ ಹಿಡಿಯುವುದು ಈಚೆಗೆ ನಿಂತಿದೆ. ನಿನ್ನ ಬೆಕ್ಕು ಮಾತ್ರ ನಾನು ಹಾಕಿದ್ದನ್ನು ಮೂಸಿ ನೋಡಿ ಪಕ್ಕದ ಮನೆಗೆ ಹೋಗುತ್ತದೆ.

ಸೋಮವಾರ ಇಪೋದಿಂದ ಲಿಯೊಂಗ್ ಟೀಚರ್ ನಮ್ಮ ದೋಣಿಗೆ ಗಿರಾಕಿಯಾಗಿ ಬಂದಿದ್ದರು. ಅರವತ್ತೆಂಟು ವರ್ಷ. ಇಷ್ಟು ದಿನ ಕೆರೆ ಹೊಳೆಗಳಲ್ಲಿ ಗಾಳ ಹಾಕಿದವರು, ಜೀವನದಲ್ಲಿ ಒಂದು ಹಾಯಿಮೀನನ್ನಾದರೂ ಹಿಡಿದು ಬಿಡಬೇಕು ಎಂದು ಒಂದು ವರ್ಷದಿಂದ ಕಾದಿದ್ದರಂತೆ. ನನ್ನ ಜೊತೆ ದೋಣಿಗೆ ಬರುವ ಆಜ್ಮಿಗೆ ಹಿಂದಿನ ದಿನವೇ ಜ್ವರ. ಅದನ್ನು ಫೋನಿನಲ್ಲಿ ನಿನಗೆ ಹೇಳಿದ್ದೇ ಹೇಳಿದ್ದು, ಬೆಳಗ್ಗೆ ದೋಣಿಕಟ್ಟೆಗೆ ಹೋದರೆ ನಿನ್ನ ತಮ್ಮ ನಮ್ಮ ದೋಣಿಯ ಪಕ್ಕ ನಿಂತಿದ್ದಾನೆ. ಆರು ವರ್ಷದ ಮೇಲೆ. "ಅಕ್ಕ ಫೋನ್ ಮಾಡಿದ್ಲು ಅಂತ ಬಂದೆ ಭಾವ, ನಿಮ್ಮ ಮುಖ ನೋಡಿ ಅಲ್ಲ" ಅಂದ ರೊಸ್ಲಿ. ನನಗೆ ಬೇರೆ ದಾರಿ ಇರಲಿಲ್ಲ. ಅದು ನಿನಗೂ ಗೊತ್ತಿತ್ತು.

ಆರು ವರ್ಷದ ಹಿಂದೆ ನಾನು ಅವನಿಗೆ ಏನಂದೆ ಎಂಬುದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಅವತ್ತು ಅವನೊಬ್ಬನೇ ಗಿರಾಕಿಗಳನ್ನು ಕರೆದುಕೊಂಡು ಹೋಗಿದ್ದ. ವಾಪಸ್ ಬಂದಾಗ ದೋಣಿಯ ತಳದಲ್ಲಿ ಸತ್ತ ಹಾಯಿಮೀನು ಬಿದ್ದಿತ್ತು. ಹಿಡಿದದ್ದನ್ನು ಜೀವಂತ ಬಿಡುವುದು ನಮ್ಮ ದೋಣಿಯ ಕಟ್ಟುಪಾಡು. ಏನಾಯಿತು ಎಂದು ನಾನು ಕೇಳಲೇ ಇಲ್ಲ. ಕಟ್ಟೆಯ ಮೇಲಿದ್ದ ಅಷ್ಟೂ ಜನರ ಎದುರು "ಕಟುಕ, ಇನ್ನು ನನ್ನ ದೋಣಿಗೆ ಕಾಲಿಡಬೇಡ" ಎಂದೆ. ಅವನು ದೋಣಿಯಿಂದ ಇಳಿದು ಹೋದ. ಆಮೇಲೆ ಬೊಂಡಾಸ್ ಮೀನು ಹಿಡಿಯುವವರ ದೋಣಿಗಳಲ್ಲಿ ದುಡಿದ. ಹಬ್ಬದ ದಿನ ಅವನು ಮುಂಬಾಗಿಲಿಗೆ ಬಂದರೆ ನಾನು ಹಿತ್ತಿಲ ಬಾಗಿಲಿನಿಂದ ಹೊರಡುತ್ತಿದ್ದೆ. ನೀನು ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಿದ್ದೆ.

ಸೋಮವಾರ ಮೊದಲ ಎರಡು ಗಂಟೆ ನಾವಿಬ್ಬರೂ ಟೀಚರ್ ಮೂಲಕವೇ ಮಾತಾಡಿದೆವು. "ಟೀಚರ್, ದೋಣಿ ಸ್ವಲ್ಪ ಎಡಕ್ಕೆ ತಿರುಗಿಸೋಕೆ ಹೇಳಿ ಅವರಿಗೆ" ಎಂದು ಅವನು. "ಕಣ್ಣು ನೆಟ್ಟಗಿದ್ರೆ ಹಕ್ಕಿಗಳು ಬಲಕ್ಕಿರೋದು ಕಾಣುತ್ತೆ ಅಂತ ಹೇಳಿ ಟೀಚರ್" ಎಂದು ಚುಕ್ಕಾಣಿ ಹಿಡಿದ ನಾನು. ಕೊನೆಗೆ ಅವರು, "ನಲವತ್ತು ವರ್ಷ ಎರಡನೇ ಕ್ಲಾಸಿಗೆ ಪಾಠ ಮಾಡಿದೀನಿ, ನಿಮಗಿಂತ ಆ ಮಕ್ಕಳೇ ವಾಸಿ" ಅಂದರು.

ಹತ್ತೂವರೆಯ ಹೊತ್ತಿಗೆ ಹಕ್ಕಿಗಳ ಕೆಳಗೆ ಸಣ್ಣ ಮೀನುಗಳ ಹಿಂಡಿನಿಂದ ನೀರು ಕುದಿಯುತ್ತಿತ್ತು. ರೊಸ್ಲಿ ಜೀವಂತ ಬಂಗುಡೆಯೊಂದನ್ನು ಗಾಳಕ್ಕೆ ಸಿಕ್ಕಿಸಿ ಬಿಟ್ಟ. ಹಾಯಿಮೀನು ಕಚ್ಚಿ ನಾಲ್ಕು ಸಲ ಮೇಲಕ್ಕೆ ನೆಗೆಯಿತು. ಟೀಚರ್ ಮುಕ್ಕಾಲು ಗಂಟೆ ಎಳೆದರು. ಗಾಳದ ಕೋಲನ್ನು ಬೇರೆಯವರಿಗೆ ಕೊಡಲಿಲ್ಲ. ಮೀನು ಹತ್ತಿರ ಬಂದಾಗ ತುದಿಯ ದಪ್ಪ ದಾರವನ್ನು ಹಿಡಿಯಬೇಕಾದವನು ರೊಸ್ಲಿ. ನಾನು ಚುಕ್ಕಾಣಿ ಬಿಟ್ಟು ಬಂದು, ಅವನನ್ನು ಪಕ್ಕಕ್ಕೆ ತಳ್ಳಿ ನಾನೇ ಹಿಡಿದೆ. ಇವನ ಕೈಗೆ ಮೀನು ಕೊಡಬಾರದು ಎಂಬ ಹಟ. ಮೀನು ತಟ್ಟನೆ ಆಳಕ್ಕೆ ನುಗ್ಗಿತು. ದಾರ ಅಂಗೈಗೆ ಸುತ್ತಿ ಬಿಗಿದು ನನ್ನನ್ನು ಸೊಂಟದವರೆಗೆ ಹೊರಕ್ಕೆ ಎಳೆದುಬಿಟ್ಟಿತು. ತಲೆ ನೀರಿನೊಳಗೆ ಹೋಯಿತು. ಯಾರನ್ನು ನೆನೆಸಿಕೊಂಡೆ ಎಂದು ನಿನಗೆ ಬೇರೆ ಹೇಳಬೇಕೆ. ಅಷ್ಟರಲ್ಲಿ ರೊಸ್ಲಿ ಒಂದು ಕೈಯಲ್ಲಿ ನನ್ನ ಬೆಲ್ಟು ಹಿಡಿದು, ಇನ್ನೊಂದು ಕೈಯಲ್ಲಿ ಚಾಕುವಿನಿಂದ ದಾರ ಕೊಯ್ದ. ಇಬ್ಬರೂ ದೋಣಿಯ ತಳಕ್ಕೆ ಬಿದ್ದೆವು. "ಬುದ್ಧಿ ಇದೆಯಾ ನಿಮಗೆ? ಅಕ್ಕನ ಮುಂದೆ ಹೋಗಿ ನಾನು ಏನಂತ ಹೇಳ್ಬೇಕಿತ್ತು?" ಅಂದ. ಟೀಚರ್ ಕರವಸ್ತ್ರದಿಂದ ನನ್ನ ಅಂಗೈ ಕಟ್ಟುತ್ತಾ, "ಮೀನು ಇನ್ನೊಂದು ಸಿಗುತ್ತೆ ಬಿಡಿ, ಹಾಗೆ ನೋಡ್ಬೇಡಿ" ಅಂದರು. ಗಾಬರಿಯಾಗಬೇಡ, ಗಾಯ ಮಾಗುತ್ತಿದೆ, ಬೆರಳು ಆಡುತ್ತವೆ.

ಇನ್ನೊಂದು ಮೀನು ಮಧ್ಯಾಹ್ನ ಮೂರು ಗಂಟೆಗೆ ಸಿಕ್ಕಿತು. ಈ ಸಲ ನಾನು ಚುಕ್ಕಾಣಿಯಿಂದ ಕದಲಲಿಲ್ಲ. ದೋಣಿಯ ಪಕ್ಕಕ್ಕೆ ಬರುವ ಹೊತ್ತಿಗೆ ಮೀನು ಸುಸ್ತಾಗಿ, ಬಣ್ಣವೆಲ್ಲ ಹೋಗಿ ಕಂದಾಗಿತ್ತು. ಟೀಚರ್ ಅದರ ಬೆನ್ನ ಹಾಯಿಯನ್ನು ಒಮ್ಮೆ ಮುಟ್ಟಿ ಕೈ ತೆಗೆದರು. ರೊಸ್ಲಿ ಮಂಡಿಯೂರಿ, ಅದರ ಈಟಿಯಂಥ ಕೊಕ್ಕನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ದೋಣಿ ಓಡಿಸಲು ನನಗೆ ಸನ್ನೆ ಮಾಡಿದ. ಕಾಲು ಗಂಟೆ ಹಾಗೇ ನೀರಿನಲ್ಲಿ ನಡೆಸಿದ. "ಉಸಿರಾಡೋ ಮರಿ, ಅವಸರ ಇಲ್ಲ" ಎನ್ನುತ್ತಿದ್ದ. ಮೈಮೇಲೆ ನೀಲಿ ಪಟ್ಟೆಗಳು ಒಂದೊಂದಾಗಿ ಹೊತ್ತಿಕೊಂಡವು. ಬಾಲ ಬಡಿಯಿತು. ಅವನು ಕೈ ಬಿಟ್ಟ.

"ಅವತ್ತೂ ಹೀಗೇ ಮಾಡಿದ್ಯಾ?" ಎಂದು ಕೇಳಿದೆ. ಅವನು ನೀರನ್ನೇ ನೋಡುತ್ತಾ ಹೇಳಿದ, "ಅದರ ಕಿವಿರಿಂದ ರಕ್ತ ಸುರೀತಿತ್ತು ಭಾವ. ಎರಡು ಸಲ ಬಿಟ್ಟೆ, ಎರಡು ಸಲಾನೂ ಮುಳುಗ್ತು. ನೀರಿಗೆ ಹಾರಿ ಮೇಲೆ ತಂದೆ. ಅಲ್ಲೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ." "ಹೇಳ್ಬಾರದಿತ್ತೇನೋ?" ಅಂದೆ. "ಕೇಳಿದ್ರೆ ಹೇಳ್ತಿದ್ದೆ" ಅಂದ.

ತಪ್ಪು ನನ್ನದು, ಕಲ್ಸೋಮ್. ಆರು ವರ್ಷ ಒಬ್ಬ ಒಳ್ಳೆಯವನನ್ನು ಕಟುಕನೆಂದು ನಂಬಿದೆ, ನಿನ್ನನ್ನು ನಡುವೆ ನಿಲ್ಲಿಸಿ ನೋಯಿಸಿದೆ. ಈ ಮಾತನ್ನು ಅಲ್ಲೇ ಅವನಿಗೆ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಕಟ್ಟೆಗೆ ಬಂದ ಮೇಲೆ ಚಹಾ ಕುಡಿಸಿದೆ. "ಸಕ್ಕರೆ ಜಾಸ್ತಿ" ಅಂದ, ಪೂರ್ತಿ ಕುಡಿದ.

ಮೊಮ್ಮಗನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು. ಮಗಳಿಗೆ, ಅಳಿಯನಿಗೆ ಆಶೀರ್ವಾದ. ದೇವರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ
ಜುನೈದಿ

ಬರೆಯಲು ಮರೆತದ್ದು: ನಾಳೆ ಬಸ್ಸಿನಲ್ಲಿ ಈ ಪತ್ರ ತರುತ್ತಿರುವವನು ರೊಸ್ಲಿಯೇ. ಮಗುವನ್ನು ನೋಡಬೇಕಂತೆ. ಲಕೋಟೆಗೆ ನಾನು ಅಂಟು ಹಚ್ಚಿಲ್ಲ, ಬೇಕೆಂದೇ. ದಾರಿಯಲ್ಲಿ ತೆಗೆದು ಓದಿಕೊಂಡರೆ ಒಳ್ಳೆಯದು. ಆದರೆ ನಿನ್ನ ತಮ್ಮ ಬಲು ಮರ್ಯಾದಸ್ಥ. ಓದದೆಯೇ ತಂದುಕೊಟ್ಟರೆ ಅವನನ್ನು ಎದುರಿಗೆ ಕೂರಿಸಿಕೊಂಡು, "ತಪ್ಪು ನನ್ನದು" ಎಂಬಲ್ಲಿಂದ ಗಟ್ಟಿಯಾಗಿ ಓದು.